ಹಳೇ ಮರದ ಸಾಮಾನು: ಬೆನ್ನಿನ ಕಡೆಯಿಂದ ಒಂದು ಪರಿಚಯ

ಹಳೆಯ ಮೇಜೋ ಕಪಾಟೋ ಕಣ್ಣಿಗೆ ಬಿದ್ದರೆ ನಮ್ಮಲ್ಲಿ ಎಲ್ಲರೂ ಮಾಡುವುದು ಒಂದೇ. ಮೇಲೆ ಅಂಗೈ ಆಡಿಸಿ, "ಹ್ವಾಯ್, ಇದ್ ಬೀಟಿಯಾ, ಸಾಗುವಾನಿಯಾ?" ಎಂದು ಕೇಳುವುದು. ಕೇಳಬಾರದ ಪ್ರಶ್ನೆಯೇನಲ್ಲ, ಆದರೆ ಅದರ ಸರದಿ ಆಮೇಲೆ. ಮೊದಲು ಕಪಾಟನ್ನು ಗೋಡೆಯಿಂದ ಒಂದಡಿ ಈಚೆ ಎಳೆದು ಬೆನ್ನು ನೋಡಿ. ಡ್ರಾವರನ್ನು ಪೂರ್ತಿ ಹೊರಗೆ ತೆಗೆದು ಬೋರಲು ಹಾಕಿ. ಕುರ್ಚಿಯಾದರೆ ಕಾಲು ಮೇಲೆ ಮಾಡಿ ಮಲಗಿಸಿ. ಎದುರುಗಡೆಯನ್ನು ಒಂದೊಂದು ತಲೆಮಾರಿನವರೂ ಉಜ್ಜಿ, ಬಳಿದು, ಹಿಡಿಕೆ ಬದಲಾಯಿಸಿ ತಮ್ಮ ಮರ್ಜಿಗೆ ತಂದುಕೊಂಡಿರುತ್ತಾರೆ. ಬೆನ್ನಿನ ಉಸಾಬರಿಗೆ ಯಾರೂ ಹೋಗಿರುವುದಿಲ್ಲ. ಗರಗಸ ಓಡಿದ ಗುರುತು, ಉಳಿ ಜಾರಿದ ಗೀರು, ಅಳತೆಗೆಂದು ಆಚಾರ್ರು ಎಳೆದ ಗೆರೆ ಎಲ್ಲ ಅಲ್ಲೇ ಉಳಿದಿರುತ್ತವೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಹಳೇ ಮನೆಗಳ ಚಾವಡಿಯಲ್ಲಿ, ಅಟ್ಟದಲ್ಲಿ ಇಂಥ ಸಾಮಾನು ಇನ್ನೂ ಇವೆ. ಮನೆ ಕೆಡವುವಾಗ ಅವು ಹೊರಬಿದ್ದು ಲಾರಿ ಹತ್ತುವುದೂ ಇದೆ. ಅವನ್ನು ನೋಡಲು ಕಲಿಯಬೇಕೆಂದು ಈಗಷ್ಟೇ ಮನಸ್ಸಾದವರಿಗೆ ಈ ಬರಹ. ಮೊದಲ ಪಾಠಕ್ಕೆ ನಿಮ್ಮನ್ನು ಫ್ರಾನ್ಸಿನ ಹಳೆಯ ಮಹಾಗನಿ ಸಾಮಾನಿನ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅಷ್ಟು ದೂರ ಏಕೆಂದರೆ, ಅಲ್ಲಿ ಮಾಡಿದವನ ಹೆಸರನ್ನು ಸಾಮಾನಿನ ಮೇಲೆ ಒತ್ತಬೇಕೆಂದು ನಿಯಮವೇ ಇತ್ತು. ಹೆಸರು, ಊರು, ಕಾಲ ಗೊತ್ತಿರುವ ಕಡೆ ಕಣ್ಣು ಪಳಗಿಸಿಕೊಂಡರೆ, ಹೆಸರಿಲ್ಲದ ನಮ್ಮ ಸಾಮಾನಿನ ಮುಂದೆ ಕೂತಾಗ ಗಾಬರಿಯಾಗುವುದಿಲ್ಲ.

ಮೊದಲು ಮರ. ಮಹಾಗನಿ ಬೇವಿನ ಕುಟುಂಬಕ್ಕೆ ಸೇರಿದ್ದು, ತವರು ಕೆರಿಬಿಯನ್ ದ್ವೀಪಗಳು ಮತ್ತು ಮಧ್ಯ ಅಮೆರಿಕ. 1795ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಈಗ ನಮ್ಮ ತೋಟದ ಬದುಗಳಲ್ಲಿ ನೆಡುತ್ತಿರುವುದು ದೊಡ್ಡೆಲೆಯ ಜಾತಿ, ಬೇಗ ಬೆಳೆಯುತ್ತದೆ. (ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಎಂಬ ಸಸಿ ಮಾರುವವರ ಮಾತನ್ನು ಅರ್ಧ ನಂಬಿದರೆ ಸಾಕು. ಎಳೆಯ ಮರದ ತಿರುಳು ಪೇಲವವಾಗಿ, ಹಗುರಾಗಿ ಇರುತ್ತದೆ.) ಹದಿನೆಂಟನೆಯ ಶತಮಾನದ ಯುರೋಪು ಮರುಳಾದದ್ದು ಚಿಕ್ಕೆಲೆಯ ಜಾತಿಗೆ. ಕ್ಯೂಬಾ, ಸಾಂ-ದೊಮಾಂಗ್ ದ್ವೀಪಗಳಲ್ಲಿ ನಿಧಾನವಾಗಿ ಬೆಳೆದು ಬಲಿತ ಆ ಮರ ಭಾರ, ಎಳೆ ಒತ್ತೊತ್ತು. ಅಗಲವಾದ ಹಲಗೆ ಸಿಗುತ್ತಿತ್ತು, ಅದು ಡೊಂಕಾಗುತ್ತಿರಲಿಲ್ಲ. ಕೊಂಬೆ ಕವಲೊಡೆಯುವ ಜಾಗದಲ್ಲಿ ಸೀಳಿದರೆ ಎಳೆಗಳು ಬೆಂಕಿಯ ನಾಲಗೆಗಳಂತೆ ಮೇಲಕ್ಕೆ ಏಳುತ್ತಿದ್ದವು. ಆ ಒಂದು ಹಲಗೆಗಾಗಿ ಪ್ಯಾರಿಸ್ಸಿನ ಬಡಗಿಗಳು ದುಡ್ಡು ಸುರಿಯುತ್ತಿದ್ದರು.

ಸಾಂ-ದೊಮಾಂಗ್ ಎಂದರೆ ಇಂದಿನ ಹೈಟಿ. ಆಗ ಫ್ರಾನ್ಸಿನ ವಸಾಹತು. ಆಫ್ರಿಕದಿಂದ ಹಿಡಿದು ತಂದ ಗುಲಾಮರ ದುಡಿಮೆಯಲ್ಲಿ ಅಲ್ಲಿನ ಸಕ್ಕರೆ ತೋಟಗಳು ನಡೆಯುತ್ತಿದ್ದವು. ಸಕ್ಕರೆ ಹೊತ್ತ ಹಡಗುಗಳಲ್ಲೇ ಮಹಾಗನಿ ದಿಮ್ಮಿಗಳೂ ನಾಂತ್, ಬೋರ್ದೋ, ಲಾ ರೊಶೆಲ್ ಬಂದರುಗಳಿಗೆ ಬಂದವು. ನಾಂತ್ ಅಂತೂ ಫ್ರಾನ್ಸಿನ ಗುಲಾಮರ ವ್ಯಾಪಾರದ ಮುಖ್ಯ ಬಂದರು. ಆ ಊರುಗಳ ವರ್ತಕರ ಮನೆಯ ದೊಡ್ಡ ಕಪಾಟುಗಳನ್ನು ಇಡೀ ಗಟ್ಟಿ ಮಹಾಗನಿಯಲ್ಲಿ ಮಾಡುತ್ತಿದ್ದರು. ಅವಕ್ಕೆ ಇಂದಿಗೂ ಬಂದರಿನ ಸಾಮಾನು ಎಂದೇ ಹೆಸರು. ಗಂಗೊಳ್ಳಿ, ಬಸ್ರೂರಿನ ಕಡೆಯವರಿಗೆ ಬಂದರಿನ ಊರಿನಲ್ಲಿ ಮರದ ಕೆಲಸ ಹೇಗೆ ಬೆಳೆಯುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮರ ಹೋಗುತ್ತಿದ್ದ ದಿಕ್ಕು ಮಾತ್ರ ಬೇರೆ: ಘಟ್ಟದಿಂದ ಇಳಿದು, ಬಂದರಿನಿಂದ ಹೊರಕ್ಕೆ.

ಸಮುದ್ರದಿಂದ ದೂರವಿದ್ದ ಪ್ಯಾರಿಸ್ಸಿನಲ್ಲಿ ಇದೇ ಮರ ದುಬಾರಿ. ಅಲ್ಲಿ ಓಕ್ ಮರದಲ್ಲಿ ಒಡಲು ಕಟ್ಟಿ, ಮೇಲೆ ಮಹಾಗನಿಯ ತೆಳು ಹಾಳೆ ಅಂಟಿಸಿದರು. ಬಡಗಿಗಳೂ ಎರಡು ಬಗೆ. ಗಟ್ಟಿ ಮರದಲ್ಲಿ ಕುರ್ಚಿ, ಮಂಚ, ಬಾಗಿಲು ಮಾಡುವವರು ಮೆನ್ಯುಜಿಯೆ. ಒಡಲಿನ ಮೇಲೆ ಹಾಳೆ ಹೊದಿಸಿ ಕಪಾಟು, ಮೇಜು ಮಾಡುವವರು ಎಬೆನಿಸ್ಟ್. ಎರಡೂ ಬಗೆಯವರಿಗೆ ಒಂದೇ ಸಂಘ. ಬೇರೆಯವರ ಕೈಕೆಳಗೆ ವರ್ಷಗಟ್ಟಲೆ ದುಡಿದು, ಕೆಲಸ ತೋರಿಸಿ, ಶುಲ್ಕ ಕಟ್ಟಿ ಸಂಘದ 'ಮೇತ್ರ್' ಆದರೆ ಮಾತ್ರ ಸ್ವಂತ ಅಂಗಡಿ. 1743ರ ಕಟ್ಟಳೆ, 1751ರಿಂದ ಜಾರಿಗೆ ಬಂದದ್ದು, ಪ್ರತಿ ಮೇತ್ರ್ ತನ್ನ ಹೆಸರಿನ ಕಬ್ಬಿಣದ ಅಚ್ಚನ್ನು ಸಾಮಾನಿಗೆ ಒತ್ತಬೇಕೆಂದಿತು. ಸಂಘದ ಹಿರಿಯರು ಅಂಗಡಿಗೆ ಬಂದು ಪರೀಕ್ಷಿಸಿ, ಒಪ್ಪಿಗೆಯಾದರೆ ಪಕ್ಕದಲ್ಲಿ ಜೆ.ಎಂ.ಇ. ಎಂಬ ಇನ್ನೊಂದು ಅಚ್ಚು ಒತ್ತುತ್ತಿದ್ದರು.

ಈ ಅಚ್ಚನ್ನು ಎದುರಿಗೆ ಹುಡುಕಬೇಡಿ. ಕುರ್ಚಿಯಾದರೆ ಕೂರುವ ಚೌಕಟ್ಟಿನ ಅಡಿಯಲ್ಲಿ, ಕಪಾಟಾದರೆ ಅಮೃತಶಿಲೆಯ ಹಾಸು ಎತ್ತಿದಾಗ ಕಾಣುವ ಕಂಬದ ತಲೆಯಲ್ಲಿ ಇರುತ್ತದೆ. ಅಕ್ಷರ ಒಳಕ್ಕೆ ಕುಸಿದಿರಬೇಕು, ಸುತ್ತಿಗೆಯ ಪೆಟ್ಟಿಗೆ ಸುತ್ತಲ ನಾರು ನಜ್ಜಾಗಿರಬೇಕು. ಕೊರೆದ, ಸುಟ್ಟ ಅಕ್ಷರ ಕಂಡರೆ ಅನುಮಾನಿಸಿ.

ಅಚ್ಚು ಇದ್ದ ಮಾತ್ರಕ್ಕೆ ಆ ಹೆಸರಿನವನೇ ಮಾಡಿದ್ದೆಂದೂ ಹೇಳಲಾಗುವುದಿಲ್ಲ. ಜಾಂ-ಆನ್ರಿ ರೀಸ್ನರ್ ಕತೆ ಕೇಳಿ. ಹುಟ್ಟಿದ್ದು 1734ರಲ್ಲಿ, ಜರ್ಮನಿಯ ಗ್ಲಾಡ್‌ಬೆಕ್‌ನಲ್ಲಿ. ಪ್ಯಾರಿಸ್ಸಿಗೆ ಬಂದು ಜಾಂ-ಫ್ರಾಂಸ್ವಾ ಓಬೆನ್ ಎಂಬ ದೊಡ್ಡ ಬಡಗಿಯ ಕಾರ್ಖಾನೆ ಸೇರಿದ. ಓಬೆನ್ 1760ರಲ್ಲಿ ದೊರೆ 15ನೇ ಲೂಯಿಗೆ ಒಂದು ಬರೆಯುವ ಮೇಜು ಶುರುಮಾಡಿ 1763ರಲ್ಲಿ ತೀರಿಕೊಂಡ. ಸಂಘದ ನಿಯಮದಂತೆ ಗಂಡನ ಅಚ್ಚಿನಲ್ಲೇ ವಿಧವೆ ಅಂಗಡಿ ನಡೆಸಬಹುದಿತ್ತು. ಹಾಗಾಗಿ ರೀಸ್ನರ್ ಕೈಯ ಮೊದಮೊದಲ ಕೆಲಸಕ್ಕೂ ಬಿದ್ದದ್ದು ಓಬೆನ್ ಅಚ್ಚು. ಮುಂದೆ ಆ ವಿಧವೆಯನ್ನೇ ಮದುವೆಯಾಗಿ, 1768ರಲ್ಲಿ ಮೇತ್ರ್ ಆಗಿ, 1769ರಲ್ಲಿ ಮೇಜನ್ನು ಮುಗಿಸಿಕೊಟ್ಟ. ಒಂಬತ್ತು ವರ್ಷ ಹಿಡಿದ ಆ ಮೇಜು ಈಗಲೂ ವರ್ಸೈ ಅರಮನೆಯಲ್ಲಿದೆ. ಅದು ಬಣ್ಣಬಣ್ಣದ ಮರದ ಚೂರುಗಳ ಚಿತ್ತಾರ, ನಮ್ಮ ಮೈಸೂರಿನ ಬೀಟಿ ಕೂರಿಕೆ ಕೆಲಸದ ದೂರದ ನೆಂಟ. ಮೈಸೂರಿನವರು ಗಟ್ಟಿ ಹಲಗೆಯಲ್ಲಿ ಗುಳಿ ತೋಡಿ ಚೂರು ಕೂರಿಸುತ್ತಾರೆ. ಪ್ಯಾರಿಸ್ಸಿನವರು ಹಾಳೆಗೆ ಹಾಳೆ ಹೊಂದಿಸಿ ಕತ್ತರಿಸಿ ಒಡಲಿಗೆ ಅಂಟಿಸಿದರು. ರೀಸ್ನರ್ ಸಾದಾ ಮಹಾಗನಿಗೆ ಒಲಿದದ್ದು 1780ರ ದಶಕದಲ್ಲಿ. ನನ್ನ ಮಟ್ಟಿಗೆ ಅವನ ಒಳ್ಳೆಯ ಕೆಲಸ ಅದೇ. ಚಿತ್ತಾರವಿದ್ದರೆ ಒಂದಿಷ್ಟು ಓರೆಕೋರೆ ಮುಚ್ಚಿಹೋಗುತ್ತದೆ. ಸಾದಾ ಹಲಗೆಯಲ್ಲಿ ಕೂದಲೆಳೆ ತಪ್ಪಿದರೂ ಕಾಣುತ್ತದೆ.

ಗಟ್ಟಿ ಮಹಾಗನಿಯ ಕುರ್ಚಿ ನೋಡಬೇಕೆಂದರೆ ಜಾರ್ಜ್ ಜಾಕೋಬ್. 1765ರಲ್ಲಿ ಮೇತ್ರ್ ಆದವನು. ಕುರ್ಚಿಗೆ ಚಿನ್ನದ ನೀರೋ ಬಣ್ಣವೋ ಬಳಿಯುವುದು ರೂಢಿಯಾಗಿದ್ದ ಕಾಲದಲ್ಲಿ ಮರ ಮರದಂತೆಯೇ ಕಾಣಲಿ ಎಂದ ಮೊದಲಿಗರಲ್ಲಿ ಒಬ್ಬ. ರಾಣಿ ಮಾರಿ ಆಂಟೊನೆಟ್‌ಗಾಗಿ ರಾಂಬುಯೆಯಲ್ಲಿ ಕಟ್ಟಿಸಿದ ಹಾಲುಮನೆಗೆ 1787ರಲ್ಲಿ ಅವನು ಮಹಾಗನಿ ಕುರ್ಚಿ ಮಾಡಿಕೊಟ್ಟ. ರಾಣಿ ಹಾಲು ಕುಡಿಯಲೆಂದೇ ಒಂದು ಕಟ್ಟಡ. ನಮ್ಮ ಹಟ್ಟಿಯ ಎಮ್ಮೆಗಳು ಕೇಳಿದರೆ ನಗುತ್ತವೆ. 1796ರಲ್ಲಿ ಕೆಲಸವನ್ನು ಅವನ ಮಕ್ಕಳು ವಹಿಸಿಕೊಂಡರು. ಅಲ್ಲಿಂದ 1803ರವರೆಗಿನ ಅಚ್ಚು 'ಜಾಕೋಬ್ ಫ್ರೇರ್, ರ‍್ಯೂ ಮೆಸ್ಲೆ', ಎಂದರೆ ಮೆಸ್ಲೆ ಬೀದಿಯ ಜಾಕೋಬ್ ಸಹೋದರರು. ಆಮೇಲೆ 1813ರವರೆಗೆ 'ಜಾಕೋಬ್ ಡಿ.' ಈ ಎರಡನೆಯವು ನೆಪೋಲಿಯನ್ ಕಾಲದ ಸಾಮಾನು. ಅಚ್ಚಿನ ಒಂದು ವ್ಯತ್ಯಾಸದಿಂದ ಕುರ್ಚಿಯ ವಯಸ್ಸು ಹತ್ತು ವರ್ಷದೊಳಗೆ ಹಿಡಿಯಬಹುದು. ಇಂಥ ಅನುಕೂಲ ನಮಗೆಲ್ಲಿ!

ರಾಣಿಯ ಹಾಲುಮನೆಗೆ ಕುರ್ಚಿ ಮಾಡಿಕೊಟ್ಟ ಮರುವರ್ಷ ಫ್ರಾನ್ಸಿಗೆ ನಮ್ಮ ಕಡೆಯಿಂದಲೂ ಜನ ಹೋಗಿದ್ದರು. ಆಗ ಕುಂದಾಪುರ ಟಿಪ್ಪು ಸುಲ್ತಾನನ ರಾಜ್ಯದ ಭಾಗ. ಅವನ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡರು. ಕೇಳಿದ್ದು ಬ್ರಿಟಿಷರ ವಿರುದ್ಧ ಸೇನೆಯ ನೆರವು, ಜೊತೆಗೆ ಕುಶಲಕರ್ಮಿಗಳು. ಸೇನೆ ಸಿಗಲಿಲ್ಲ, ಕುಶಲಕರ್ಮಿಗಳು ಕೆಲವರು ಬಂದರು. ಮರುವರ್ಷವೇ ಅಲ್ಲಿ ಕ್ರಾಂತಿ. 1791ರಲ್ಲಿ ಸಂಘಗಳು ರದ್ದಾದವು, ಅಚ್ಚಿನ ಕಡ್ಡಾಯವೂ ಹೋಯಿತು. ವರ್ಸೈಯ ಸಾಮಾನನ್ನು 1793-94ರಲ್ಲಿ ವರ್ಷಪೂರ್ತಿ ಹರಾಜು ಹಾಕಿದರು, 17 ಸಾವಿರಕ್ಕೂ ಹೆಚ್ಚು ಬಾಬತ್ತು. ತಾನೇ ಮಾಡಿದ್ದನ್ನು ರೀಸ್ನರ್ ಅಲ್ಲಿ ಮತ್ತೆ ಕೊಂಡುಕೊಂಡ, ಮುಂದೆ ಒಳ್ಳೆಯ ಬೆಲೆ ಬಂದೀತೆಂದು. ಬರಲಿಲ್ಲ. 1806ರಲ್ಲಿ ತೀರಿಕೊಂಡ. ಅದೇ ವರ್ಷ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿ, ಮಹಾಗನಿಗೂ ತತ್ವಾರ ಬಂತು. ಬಡಗಿಗಳು ಊರಿನ ತಿಳಿಬಣ್ಣದ ಮರಗಳಿಗೆ ತಿರುಗಿದರು.

ಈಗ ಆ ಕಣ್ಣನ್ನು ನಮ್ಮ ಕಡೆ ತಿರುಗಿಸೋಣ.

ಓಕ್ ಒಡಲಿನ ಮೇಲೆ ಹಾಳೆ ಅಂಟಿಸಿದ ಪ್ಯಾರಿಸ್ಸಿನ ಕಪಾಟನ್ನು ತಂದು ಮರವಂತೆಯ ಮನೆಯಲ್ಲಿ ಇಟ್ಟರೆ ಏನಾಗುತ್ತದೆ? ಆ ಹಾಳೆ ಕೈಗರಗಸದಲ್ಲಿ ಕೊಯ್ದದ್ದು, ಒಂದೆರಡು ಮಿಲಿಮೀಟರು, ಹಲಸಿನ ಹಪ್ಪಳದಷ್ಟು ದಪ್ಪ. (ಇಂದಿನ ಪ್ಲೈವುಡ್ ಮೇಲಿನ ಹಾಳೆ ಅದರ ಅರ್ಧವೂ ಇರುವುದಿಲ್ಲ. ಒಡೆದ ಅಂಚಿನಲ್ಲಿ ಈ ದಪ್ಪ ನೋಡಿದರೆ ಹಳತು ಹೊಸತು ಅರ್ಧ ತಿಳಿದಂತೆ.) ಅಂಟಿಸಿದ್ದು ಮರವಜ್ರದಿಂದ, ಅಂದರೆ ದನದ ಚರ್ಮ, ಮೂಳೆ ಕುದಿಸಿ ತೆಗೆದ ಅಂಟಿನಿಂದ. ತಂಪು ಒಣಹವೆಯಲ್ಲಿ ಅದು ಕಲ್ಲು. ಆಷಾಢದ ಥಂಡಿಗೆ ಸಡಿಲಾಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾಳೆಯ ಮೂಲೆ ಏಳುತ್ತದೆ.

ಕರಾವಳಿಯ ಹಳೇ ಸಾಮಾನಿನಲ್ಲಿ ಹಾಳೆಯ ಕೆಲಸ ಅಪರೂಪವಾಗಿ, ಗಟ್ಟಿ ಮರವೂ ಮರದ ಮೊಳೆಯೂ ಹೆಚ್ಚಾಗಿ ಕಾಣುವುದಕ್ಕೆ ಈ ಹವೆಯೂ ಒಂದು ಕಾರಣ. ಹಳೇ ಕಪಾಟಿನ ಬಾಗಿಲೊಂದನ್ನು ನಿಧಾನವಾಗಿ ನೋಡಿ. ಸುತ್ತ ನಾಲ್ಕು ಪಟ್ಟಿಯ ಚೌಕಟ್ಟು, ನಡುವೆ ಹಲಗೆ. ಹಲಗೆಯ ಅಂಚನ್ನು ತೆಳ್ಳಗೆ ಕೀಸಿ ಚೌಕಟ್ಟಿನ ಗಾಡಿಯೊಳಗೆ, ಅಂದರೆ ಉದ್ದಕ್ಕೂ ತೋಡಿದ ಕಿರುಗಾಲುವೆಯೊಳಗೆ, ಇಳಿಬಿಟ್ಟಿರುತ್ತಾರೆ. ಅಂಟು ಹಾಕಿಲ್ಲ, ಮೊಳೆ ಹೊಡೆದಿಲ್ಲ. ಮರ ಉದ್ದಕ್ಕೆ ಹೆಚ್ಚುಕಡಿಮೆ ಆಗುವುದಿಲ್ಲ, ಅಡ್ಡಕ್ಕೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಹಲಗೆಗೆ ಆಡಲು ಗಾಡಿಯಲ್ಲಿ ಜಾಗವಿದ್ದರೆ ಬಾಗಿಲು ನೂರು ವರ್ಷ ನೆಟ್ಟಗಿರುತ್ತದೆ. ಮಾರ್ಚಿನಲ್ಲಿ ಹೋಗಿ ನೋಡಿದರೆ ಹಲಗೆಯ ಅಂಚಿನಲ್ಲಿ ಪಾಲಿಶ್ ತಾಗದ ಕೂದಲಗಲದ ಬಿಳಿ ಗೆರೆ ಕಾಣುತ್ತದೆ. ಮಳೆಗಾಲದಲ್ಲಿ ಪಾಲಿಶ್ ಮಾಡಿಸಿದ್ದಾರೆ, ಬೇಸಗೆಯಲ್ಲಿ ಕುಗ್ಗಿ ಈಚೆ ಬಂದಿದೆ, ಅಷ್ಟೇ. ಕೆಟ್ಟುಹೋಯಿತೆಂದು ಯಾರೋ ಆ ಸಂದಿಗೆ ಫೆವಿಕಾಲ್ ತುಂಬಿದರೆ ಮಾತ್ರ ಮುಂದಿನ ವರ್ಷ ಹಲಗೆ ಸೀಳುವುದು ಖಂಡಿತ.

ಚೌಕಟ್ಟಿನ ಮೂಲೆಗೆ ಬನ್ನಿ. ಒಂದು ಪಟ್ಟಿಯ ತುದಿ ನಾಲಗೆಯಾಗಿ ಇನ್ನೊಂದರ ತೂತಿಗೆ ಹೊಕ್ಕಿರುತ್ತದೆ, ಎರಡನ್ನೂ ತೂರಿ ಒಂದು ಮರದ ಮೊಳೆ. ಇಲ್ಲಿ ಒಂದು ಜಾಣತನವಿದೆ. ಬೈರಿಗೆಯಲ್ಲಿ ಕೊರೆಯುವಾಗ ನಾಲಗೆಯ ತೂತನ್ನು ಚೌಕಟ್ಟಿನ ತೂತಿಗಿಂತ ಕೂದಲಷ್ಟು ನಾಲಗೆಯ ಬುಡದ ಕಡೆಗೆ ಕೊರೆಯುತ್ತಾರೆ. ಮೊಳೆ ಹೊಡೆದಂತೆಲ್ಲ ಅದು ನಾಲಗೆಯನ್ನು ಒಳಕ್ಕೆ ಎಳೆದು ಮೂಲೆಯನ್ನು ಬಿಗಿಯುತ್ತದೆ. ಪ್ಯಾರಿಸ್ಸಿನ ಮೆನ್ಯುಜಿಯೆಗಳೂ ಮಾಡಿದ್ದು ಹೀಗೆಯೇ. ಕಣ್ಣು ಮುಚ್ಚಿ ಬೆರಳಾಡಿಸಿ. ಹಳೇ ಸಾಮಾನಾದರೆ ಮೊಳೆಯ ತಲೆ ಮೇಲ್ಮೈಯಿಂದ ತುಸು ಎದ್ದಿರುತ್ತದೆ. ಸುತ್ತಲ ಮರ ವರ್ಷಗಳಿಂದ ಅಡ್ಡಕ್ಕೆ ಕುಗ್ಗಿದೆ, ಮೊಳೆ ಉದ್ದಕ್ಕೆ ಕುಗ್ಗಿಲ್ಲ. ಮೊನ್ನೆ ಮಾಡಿ ಹಳೆಯದೆಂದು ಮಾರುವ ಸಾಮಾನಿನಲ್ಲಿ ಅದು ಮಟ್ಟಸವಾಗಿ, ದುಂಡಗೆ ಇರುತ್ತದೆ.

ಬೆನ್ನಿನ ಹಲಗೆಯಲ್ಲಿ ಗರಗಸದ ಗೀರು ನೇರವಾಗಿ, ಅಂತರ ಏರುಪೇರಾಗಿ ಇದ್ದರೆ ಮೇಲೊಬ್ಬ ಕೆಳಗೊಬ್ಬ ನಿಂತು ದಿಮ್ಮಿ ಕೊಯ್ದ ಕಾಲದ್ದು. ಕಮಾನಾಗಿ ಬಾಗಿದ್ದರೆ ಮಿಲ್ಲಿನ ಚಕ್ರಗರಗಸ. ಡ್ರಾವರಿನ ಅಡಿಯಂಚು ಎಳೆದೆಳೆದು ಸವೆದಿರಬೇಕು. ಮುತ್ತಜ್ಜನ ಕಾಲದ್ದೆಂದು ಹೇಳಿ ಅಂಚು ಹರಿತವಾಗಿದ್ದರೆ ಒಪ್ಪಬೇಡಿ. ಬಳಿಯದ ಒಳಮೈ ಗಾಳಿಗೆ ತಾನಾಗಿ ಮಂಕು ಕಂದಾಗಿರಬೇಕು. ಎಲ್ಲ ಕಡೆ ಒಂದೇ ಸಮ ಕಂದಾಗಿದ್ದರೆ ಬಣ್ಣ ಹಚ್ಚಿದ್ದಾರೆ.

ಇಷ್ಟಾದ ಮೇಲೆ ಮರದ ಪ್ರಶ್ನೆ ಕೇಳಬಹುದು. ಬೀಟಿ ನೇರಳೆ ಮಿಶ್ರಿತ ಕಂದು, ನಡುವೆ ಕಪ್ಪು ಗೆರೆ, ಎತ್ತಿದರೆ ಭಾರ. ಸಾಗುವಾನಿಗೆ ಎಣ್ಣೆಯ ಜಿಡ್ಡು, ಕೀಸಿದರೆ ಚರ್ಮದಂಥ ವಾಸನೆ. ಬೋಗಿ ಮನೆಯ ತೊಲೆ, ಕಂಬಗಳಿಗೆ ಹೋದದ್ದೇ ಹೆಚ್ಚು. ಹೆಬ್ಬಲಸು ದೋಣಿಗೂ ಮನೆಗೂ ಆಗುತ್ತದೆ. ಎಲ್ಲಕ್ಕಿಂತ ಏಮಾರಿಸುವುದು ಹಲಸು. ಕೊಯ್ದಾಗ ಅರಿಸಿನ ಬಣ್ಣ. ವರ್ಷ ಕಳೆದಂತೆ ಕೆಂಪಗೆ ಕಂದಿ, ಪಾಲಿಶ್ ಬಿದ್ದರೆ ಥೇಟ್ ಮಹಾಗನಿ. ಬ್ರಿಟಿಷರು ಬರೆದಿಟ್ಟ ಪುಸ್ತಕಗಳಲ್ಲೂ ಈ ಹೋಲಿಕೆ ಬರುತ್ತದೆ. ಕರಾವಳಿಯಲ್ಲಿ ಯಾರಾದರೂ ಹಳೇ ಮಹಾಗನಿ ಕುರ್ಚಿ ತೋರಿಸಿದರೆ ಅಡಿಯಲ್ಲಿ ಕಾಣದ ಜಾಗದಲ್ಲಿ ಉಗುರಗಲ ಕೆರೆದು ನೋಡಿ. ಹಳದಿ ಇಣುಕಿದರೆ ಹಲಸು. ಬೆಲೆ ಇಳಿದೀತು, ಮರ್ಯಾದೆ ಇಳಿಯಬೇಕಾಗಿಲ್ಲ.

ಹಲಸಿನಲ್ಲಿ ಏನು ಸಾಧ್ಯ ಎಂಬುದಕ್ಕೆ ಬ್ರಹ್ಮಾವರ ತಾಲೂಕಿನ ಶಿರಿಯಾರ ಬಳಿಯ ಮೆಕ್ಕೆಕಟ್ಟಿನ ಉರುಗಳೇ, ಅಂದರೆ ಮರದ ಮೂರ್ತಿಗಳೇ, ಸಾಕ್ಷಿ. ನಂದಿಕೇಶ್ವರ ದೇವಸ್ಥಾನದ ಆ ಭೂತಗಳ ಉರುಗಳಲ್ಲಿ ಆಳೆತ್ತರಕ್ಕೂ ಮಿಕ್ಕಿದವಿವೆ. ಹಿಂದಿನ ಕಾಲದ ಉರುಗಳಲ್ಲಿ ಕೆಲವು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿವೆ. ದೇವರ ಉರುವಿಗೇ ಹೆಸರು ಕೆತ್ತುವ ರೂಢಿ ಇಲ್ಲದಿರುವಾಗ ಪತ್ತಾಯ, ತೊಟ್ಟಿಲು, ಕಾಲುಮಣೆಗೆ ಯಾರು ಕೆತ್ತುತ್ತಾರೆ? ಆಚಾರ್ರು ಮನೆಗೆ ಬಂದು, ಅಂಗಳದಲ್ಲಿ ದಿಮ್ಮಿ ಹಾಕಿಕೊಂಡು, ಅಕ್ಕಿಯೋ ದುಡ್ಡೋ ಪಡೆದು ಹೋಗುತ್ತಿದ್ದರು. ಯಾರ ಕೆಲಸ ಎಂದು ಊರಿಗೆಲ್ಲ ಗೊತ್ತಿರುವಾಗ ಅಚ್ಚಿನ ಅಗತ್ಯವಿರಲಿಲ್ಲ. ಊರಿಗೆ ಮರೆತುಹೋದ ದಿನ ಹೆಸರೂ ಹೋಯಿತು.

ಇಂದಿಗೂ ಹೆಸರಿನಿಂದಲೇ ಕರೆಸಿಕೊಳ್ಳುವವರು ರಥದ ಆಚಾರ್ರು. ಕುಕ್ಕೆ ಸುಬ್ರಹ್ಮಣ್ಯಕ್ಕೆ 2019ರಲ್ಲಿ ಹೋದ ಹೊಸ ಬ್ರಹ್ಮರಥ ತಯಾರಾದದ್ದು ಕೋಟೇಶ್ವರದಲ್ಲಿ, ರಥಶಿಲ್ಪಿ ಲಕ್ಷ್ಮೀನಾರಾಯಣ ಆಚಾರ್ಯರ ಕೈಯಲ್ಲಿ. ಚಾವಡಿಯ ಸಾಮಾನನ್ನು ಚಾವಡಿಯಲ್ಲೇ ನೋಡಬೇಕೆಂದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು ಕೆಡವಲಿದ್ದ ಮನೆಗಳನ್ನು ಬಿಚ್ಚಿಸಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ನಮ್ಮ ಕುಂದಾಪುರ ಕಡೆಯ ಹರ್ಕೂರಿನ ಮನೆಯೂ ಅಲ್ಲಿದೆ. ಕೂಡಿಕೆಯಲ್ಲಿ ಕಟ್ಟಿದ ಮರದ ಕೆಲಸವಾದ್ದರಿಂದ ಬಿಚ್ಚಿ ಜೋಡಿಸುವುದು ಸಾಧ್ಯವಾಯಿತು. ಸಿಮೆಂಟಿನ ಮನೆಯನ್ನು ಹಾಗೆ ಹೊತ್ತು ತರಲಾದೀತೆ?

ಕೊನೆಗೆ ಪಾಲಿಶ್, ಏಕೆಂದರೆ ಹಳೇ ಸಾಮಾನು ಹೆಚ್ಚು ಹಾಳಾಗುವುದು ಅಲ್ಲೇ. ನಮ್ಮ ಪಾಲಿಶಿನವರು ಫ್ರೆಂಚ್ ಪಾಲಿಶ್ ಎನ್ನುವುದರಲ್ಲಿ ಫ್ರಾನ್ಸಿನದು ವಿಧಾನ, ಸರಕು ನಮ್ಮದು. ಮುತ್ತುಗ, ಬೋರೆ ಮರಗಳ ಮೇಲೆ ಕೀಟ ಕಟ್ಟುವ ಅರಗನ್ನು ಶೋಧಿಸಿ ಸ್ಪಿರಿಟ್ಟಿನಲ್ಲಿ ಕರಗಿಸುತ್ತಾರೆ. ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಅದಕ್ಕೆ ಕುಡಿಸಿ, ಒಂದು ತೊಟ್ಟು ಎಣ್ಣೆ ತಾಗಿಸಿ, ಕೈ ನಿಲ್ಲಿಸದೆ ಸುತ್ತು ಸುತ್ತಾಗಿ ತಿಕ್ಕುತ್ತಾರೆ. ಕೈ ಒಂದು ಕ್ಷಣ ನಿಂತರೆ ಬಟ್ಟೆ ಅಂಟಿ ಕಲೆ. ಈ ವಿಧಾನ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. 1780ರ ಫ್ರೆಂಚ್ ಮಹಾಗನಿ ಎಂದು ತೋರಿಸುವ ಮೇಜು ಕನ್ನಡಿಯಂತೆ ಹೊಳೆದರೆ ಆ ಹೊಳಪಾದರೂ ಆಮೇಲಿನದು. ರೀಸ್ನರ್ ಕಾಲದಲ್ಲಿ ಮೇಣ ಅಥವಾ ವಾರ್ನಿಷ್ ಇತ್ತು.

ಮನೆಯ ಸಾಮಾನಿಗೆ ಯಾವ ಪಾಲಿಶ್ ಇದೆಯೆಂದು ತಿಳಿಯಲು ಕಾಣದ ಮೂಲೆಗೆ ಒಂದು ಹನಿ ಸ್ಪಿರಿಟ್ ಹಾಕಿ ಬೆರಳಿನಿಂದ ಮುಟ್ಟಿ. ಅಂಟಂಟಾದರೆ ಅರಗು. ಅದರ ಮೇಲೆ ಬಿಸಿ ಲೋಟ ಇಡಬೇಡಿ, ಬಿಳಿ ಉಂಗುರ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಿಶ್ ಮಾಡಿಸಬೇಡಿ. ಗಾಳಿಯ ತೇವ ಸೇರಿ ಮೈಯೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಮುಖ್ಯವಾಗಿ, ಮಿಷಿನ್ ಹಾಕಿ ಉಜ್ಜಲು ಯಾರಿಗೂ ಬಿಡಬೇಡಿ. ಅದು ಕೆರೆಯುವುದು ಕೊಳೆಯೊಂದನ್ನೇ ಅಲ್ಲ, ನೂರು ವರ್ಷದ ಮೈಬಣ್ಣವನ್ನೂ.

ನಿಮ್ಮ ಅಟ್ಟದಲ್ಲಿ ಒಂದು ಪೆಟ್ಟಿಗೆಯೋ ಉದ್ದ ಕೈಯ ಬೆತ್ತದ ಆರಾಮಕುರ್ಚಿಯೋ ಇದ್ದರೆ ಇಳಿಸಿ, ಬೋರಲು ಹಾಕಿ, ಅಡಿಯ ಫೋಟೋ ತೆಗೆಯಿರಿ. ಮನೆಯ ಹಿರಿಯರಿಗೆ ಮಾಡಿದ ಆಚಾರ್ರ ಹೆಸರೋ, ಅವರ ಮನೆ ಇದ್ದ ಕೇರಿಯೋ ನೆನಪಿರಬಹುದು, ಕೇಳಿ. ಸಿಕ್ಕಿದ್ದನ್ನು ಪೆನ್ಸಿಲಿನಲ್ಲಿ ಒಂದು ಚೀಟಿಯಲ್ಲಿ ಬರೆದು ಡ್ರಾವರಿನ ಒಳಗೆ ಇಡಿ. ಪೆನ್ನು ಬೇಡ, ನಮ್ಮ ಮಳೆಗಾಲಕ್ಕೆ ಶಾಯಿ ಹರಡುತ್ತದೆ.